ಅಪ್ಪ ಮಟ್ಟಿಗೆ ಇಳಿಯದ ವರ್ಷಗಳು

ಯಾಕೆ ಎಂದು ಕೇಳುವುದು ನನಗೆ ಹುಟ್ಟಿನಿಂದ ಅಂಟಿದ ಚಟ. ಸಾರಿಗೆ ಒಗ್ಗರಣೆ ಕೊನೆಗೇ ಯಾಕೆ, ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ ಯಾಕೆ, ಪಕ್ಕದ ಮನೆಯ ಕೋಳಿಗಳೆಲ್ಲ ನಮ್ಮ ತಿಪ್ಪೆಗೇ ಬರುವುದು ಯಾಕೆ. ಅವ್ವನಿಗೆ ಸಾಕುಸಾಕಾಗಿ, ‘ನಿನ್ನ ಬಾಯಿಗಿಷ್ಟು ಮಣ್ಣು ಹಾಕ’ ಎಂದು ಬೈಯುತ್ತಿದ್ದಳು. ಮಣ್ಣಿಗೇನೂ ನಮ್ಮ ಮನೆಯಲ್ಲಿ ಬರವಿರಲಿಲ್ಲ. ಹೊನ್ನಾಳಿಯಲ್ಲಿ ಹೊಳೆಗೆ ಹೋಗುವ ದಾರಿಯ ಓಣಿಯಲ್ಲಿ ನಮ್ಮ ಮನೆ. ಅಡುಗೆಮನೆಯ ಗೋಡೆಯ ಆಚೆಗೇ ಗರಡಿ. ಗರಡಿಯ ನಡುವೆ ನೆಲ ತಗ್ಗಿಸಿ ಕೆಂಪುಮಣ್ಣು ತುಂಬಿದ ಜಾಗವಿತ್ತು, ಕುಸ್ತಿ ಆಡುವುದು ಅಲ್ಲಿ. ಅದಕ್ಕೆ ಮಟ್ಟಿ ಎನ್ನುತ್ತಿದ್ದರು. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದ ಮಜ್ಜಿಗೆ, ಅರಿಶಿನ, ಎಳ್ಳೆಣ್ಣೆ, ಬೇವಿನಸೊಪ್ಪಿನ ಪುಡಿ ಆಚೆ ಹೋಗುತ್ತಿದ್ದವು. ಆ ಕಡೆಯಿಂದ ಖಾಲಿ ಪಾತ್ರೆಗಳು ವಾಪಸು ಬರುತ್ತಿದ್ದವು. ನಾವು ಬೀಸಿದ, ಕುಟ್ಟಿದ, ಕಡೆದ ಸಾಮಾನಿನಿಂದಲೇ ಮಟ್ಟಿಯ ಮಣ್ಣು ಹದವಾಗಬೇಕು, ಆದರೆ ಆ ಮಣ್ಣನ್ನು ಹೆಂಗಸರು ತುಳಿಯುವಂತಿಲ್ಲ. ಯಾಕೆ ಎಂದು ಕೇಳಿದೆ.

‘ಹನುಮಪ್ಪ ಬ್ರಹ್ಮಚಾರಿ ಕಣೇ, ಅದಕ್ಕೆ,’ ಅಂದಳು ಅವ್ವ.

‘ಹಂಗಾರೆ ಅವನಿಗೆ ನಮ್ಮ ಮಜ್ಜಿಗೆ ಯಾಕೆ ಬೇಕು?’

ಅದಕ್ಕೆ ಉತ್ತರವಾಗಿ ಸೌಟಿನ ಹಿಡಿಯಿಂದ ಒಂದು ಬಿತ್ತು. ಬಿದ್ದ ಮೇಲೂ ನಾನು ಕಿಂಡಿಯ ಹತ್ತಿರದಿಂದ ಕದಲಲಿಲ್ಲ. ನನ್ನ ಬಾಲ್ಯದ ಬಹುಪಾಲು ಬೆಳಗುಗಳನ್ನು ನಾನು ಕಳೆದದ್ದು ಅಲ್ಲಿಯೇ, ಹಿಟ್ಟಿನ ಡಬ್ಬದ ಮೇಲೆ ನಿಂತು, ಕಿಂಡಿಗೆ ಮೂಗು ಒತ್ತಿ.

ಅಪ್ಪ ಗರಡಿಯ ವಸ್ತಾದರು, ಅಂದರೆ ಗುರುಗಳು. ಅವರಿಗೆ ಮುಂಚೆ ಅವರ ಅಪ್ಪ, ನಮ್ಮಜ್ಜ, ಆ ಜಾಗದಲ್ಲಿದ್ದವರು. ಬೆಳಕು ಹರಿಯುವ ಹೊತ್ತಿಗೆ ಓಣಿಯ ಹುಡುಗರು, ಹೊಳೆಯಾಚೆಯ ಹುಡುಗರು ಬರುತ್ತಿದ್ದರು. ನ್ಯಾಮತಿಯಿಂದ ಮೊದಲನೇ ಬಸ್ಸಿಗೆ ಬರುತ್ತಿದ್ದವನೊಬ್ಬನಿದ್ದ, ಹಾಲೇಶ ಎಂದು, ಗರಡಿಯಲ್ಲೆಲ್ಲ ಅವನೇ ಗಟ್ಟಿ ಆಳು. ಬಂದವರನ್ನು ಅಪ್ಪ ನೇರ ಕುಸ್ತಿಗೆ ಬಿಡುತ್ತಿರಲಿಲ್ಲ. ಮಟ್ಟಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ಎರಡೂ ಅಂಗೈಗಳನ್ನು ಮಣ್ಣಿಗೆ ಊರಿಸುತ್ತಿದ್ದರು.

‘ಮಣ್ಣು ಹೆಂಗೈತೋ?’

‘ತಣ್ಣಗೈತ್ರಿ ವಸ್ತಾದ್ರೆ.’

‘ನಿನ್ನೆಗಿಂತ?’

ಹುಡುಗ ತಡವರಿಸಿದರೆ ಮುಗಿಯಿತು. ‘ಗ್ಯಾನ ಎಲ್ಲೋ ಇಟ್ಟು ಬಂದೀಯ. ಹೋಗಿ ತಗಂಬಾ,’ ಎಂದು ಹೊರಗೆ ಕಳಿಸುತ್ತಿದ್ದರು. ಆ ಹುಡುಗ ಪಾಪ, ಬಾಗಿಲಾಚೆ ನಿಂತು ಗ್ಯಾನವನ್ನು ಎಲ್ಲಿ ಹುಡುಕುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದ. ನನಗೆ ಇದು ಮೊದಲು ತಮಾಷೆಯಾಗಿ ಕಾಣುತ್ತಿತ್ತು. ಆಮೇಲೆ ನಾನೂ ಗುಟ್ಟಾಗಿ ಶುರು ಮಾಡಿದೆ. ರಾಗಿ ಹಿಟ್ಟಿಗೆ ಕೈ ಹಾಕಿ, ನಿನ್ನೆಗಿಂತ ಹೆಂಗೈತೆ ಎಂದು ನನ್ನನ್ನೇ ಕೇಳಿಕೊಳ್ಳುವುದು, ಬಾವಿಯ ಹಗ್ಗ ಹಿಡಿದಾಗ ಕೇಳಿಕೊಳ್ಳುವುದು. ಇವತ್ತಿಗೂ ನನ್ನ ಮನಸ್ಸು ಹತ್ತು ಕಡೆ ಓಡಿದಾಗ, ಎದುರಿಗಿರುವ ಮೇಜೋ ಗೋಡೆಯೋ ಯಾವುದರ ಮೇಲಾದರೂ ಅಂಗೈ ಇಡುತ್ತೇನೆ. ಅಷ್ಟಕ್ಕೇ ಅರ್ಧ ತಹಬಂದಿಗೆ ಬರುತ್ತದೆ.

ಇದಕ್ಕಿಂತ ದೊಡ್ಡದು ಇನ್ನೊಂದು ಕಟ್ಟಳೆ. ಅದು ಅಜ್ಜನ ಕಾಲದ್ದು. ಸಿಟ್ಟು ಇಟ್ಟುಕೊಂಡವರು ಮಟ್ಟಿಗೆ ಇಳಿಯಬಾರದು. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವಾಗ ಅಪ್ಪ ಒಬ್ಬೊಬ್ಬರನ್ನೂ ಕೇಳುತ್ತಿದ್ದರು, ‘ಯಾರ ಮ್ಯಾಲಾದ್ರೂ ಸಿಟ್ಟೈತೇನೋ?’ ಇದೆ ಎಂದರೆ ಅವರ ಹತ್ತಿರ ಹೋಗಿ ಸರಿಮಾಡಿಕೊಂಡು ಬರಬೇಕು. ಆಗದಿದ್ದರೆ ಆ ದಿನ ಹೊರಗೆ ಗುದ್ದಲಿ ಹಿಡಿದು ಮಣ್ಣು ಅಗೆಯಬೇಕು. ಸುಳ್ಳು ಹೇಳಿ ಇಳಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ‘ಮಣ್ಣಿಗೆ ಗೊತ್ತಾಗ್ತೈತೆ,’ ಅಂದರು ಅಪ್ಪ. ಅವರು ಹಾಗೆ ಅಂದರೆ ಮುಂದೆ ಮಾತಿಲ್ಲ.

ಈ ಕಟ್ಟಳೆಯ ಲಾಭ ಪೂರ್ತಿ ಹೊಡೆದವರು ಮಾತ್ರ ಓಣಿಯ ಹೆಂಗಸರು. ಬಸಣ್ಣನೆಂಬ ಪೈಲ್ವಾನನಿದ್ದ, ಬಾಗಿಲು ತುಂಬುವಂಥ ಆಳು. ಒಂದು ಬೆಳಿಗ್ಗೆ ಅವನು ಅಪ್ಪನ ಪ್ರಶ್ನೆಗೆ ತಲೆ ತಗ್ಗಿಸಿ, ‘ಹೆಂಡ್ತಿ ಮ್ಯಾಲೈತ್ರಿ, ರಾತ್ರಿ ಮುದ್ದೆ ಗಂಟು ಗಂಟಾಗಿತ್ತು,’ ಅಂದ. ಹೋಗಿ ಸರಿಮಾಡಿಕೊಂಡು ಬಾ ಎಂದು ಅಪ್ಪ ಕಳಿಸಿದರು. ಅವನು ಲಂಗೋಟಿಯ ಮೇಲೊಂದು ಟವೆಲ್ ಸುತ್ತಿಕೊಂಡು ಓಣಿ ಉದ್ದಕ್ಕೂ ಓಡಿದ. ಅವನ ಹೆಂಡತಿ ಅಂಗಳ ಗುಡಿಸುತ್ತಿದ್ದವಳು, ‘ನಿನ್ನ ಸಿಟ್ಟು ಹೋದ್ರೆ ಸಾಕೇನು, ನಂದು ಹೋಗಬ್ಯಾಡವಾ? ಮೊದ್ಲು ಎಮ್ಮೆ ಮೈ ತೊಳಿ,’ ಎಂದಳಂತೆ. ಅವತ್ತು ಬಸಣ್ಣ ಗರಡಿಗೆ ಬರಲೇ ಇಲ್ಲ, ಎಮ್ಮೆಯ ಜೊತೆ ಹೊಳೆಯಲ್ಲಿದ್ದ. ಆಮೇಲೆ ಇದು ಓಣಿಗೆಲ್ಲ ಹಬ್ಬಿತು. ನೀರು ಸೇದಿಸುವುದು, ಸೌದೆ ಒಡೆಸುವುದು, ಅತ್ತೆ ಸೊಸೆಯ ಜಗಳ ಬಿಡಿಸುವುದು, ಎಲ್ಲವೂ ಬೆಳಗಿನ ಜಾವಕ್ಕೇ ಮುಗಿಯುತ್ತಿತ್ತು. ಅವ್ವ ನಗುತ್ತಿದ್ದಳು: ‘ಹನುಮಪ್ಪ ಬ್ರಹ್ಮಚಾರಿ ಆದ್ರೂ ಹೆಂಗಸ್ರ ಕಷ್ಟ ಗೊತ್ತೈತೆ.’

ಇಷ್ಟೆಲ್ಲ ನೋಡುತ್ತಿದ್ದ ನನ್ನ ಕಣ್ಣಿಗೆ ಒಂದು ಸಂಗತಿ ಬಹಳ ದಿನ ಬಿದ್ದಿರಲಿಲ್ಲ, ಬಿದ್ದ ಮೇಲೆ ನನಗೆ ಊಟ ರುಚಿಸಲಿಲ್ಲ. ಅಪ್ಪ ಎಂದೂ ಮಟ್ಟಿಗೆ ಇಳಿಯುತ್ತಿರಲಿಲ್ಲ. ಮಟ್ಟಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕುಳಿತು, ಕಾಲನ್ನು ಮಣ್ಣಿಗೆ ತಾಗದ ಹಾಗೆ ಮಡಚಿಕೊಂಡು, ಬಾಯಲ್ಲೇ ಎಲ್ಲ ಕಲಿಸುತ್ತಿದ್ದರು. ‘ಎಡಗೈ ಕೆಳಗೆ ಹಾಕೋ. ಸೊಂಟ ತಿರುಗ್ಸು. ಉಸಿರು ಬಿಗಿ ಹಿಡಿಬ್ಯಾಡ.’ ಮಣ್ಣಿಗೆ ಪೂಜೆ ಮಾಡುವ ದಿನವೂ ಕಟ್ಟೆಯಿಂದಲೇ ಹೂ ಎಸೆಯುತ್ತಿದ್ದರು.

‘ಅವ್ವಾ, ಅಪ್ಪ ಯಾಕೆ ಇಳಿಯಲ್ಲ?’

‘ಸೊಂಟ ಹಿಡ್ಕಂಡೈತೆ ಕಣೇ, ಹಳೇದು.’

ಓಣಿಯವರೂ ಇದನ್ನೇ ಹೇಳುತ್ತಿದ್ದರು. ಆದರೆ ಅದೇ ಸೊಂಟದ ಮೇಲೆ ಅಪ್ಪ ಭತ್ತದ ಚೀಲ ಹೊತ್ತು ಅಟ್ಟ ಹತ್ತುವುದನ್ನು ನಾನು ನೋಡಿದ್ದೆ. ಅಟ್ಟ ಹತ್ತುವ ಸೊಂಟ ಮಟ್ಟಿಗೆ ಇಳಿಯುವುದಿಲ್ಲ ಎಂದರೆ ನಾನು ನಂಬುವ ಪೈಕಿ ಅಲ್ಲ. ನನಗೆ ಹೊಳೆದದ್ದು ಒಂದೇ: ಅಪ್ಪನಿಗೆ ಯಾರ ಮೇಲೋ ಸಿಟ್ಟಿದೆ. ಅದು ಹೋಗುವ ಸಿಟ್ಟಲ್ಲ. ಯಾರು ಆ ಮನುಷ್ಯ?

ನಾನು ಪತ್ತೆಗೆ ಇಳಿದೆ. ಹಾಲಿನವನೊಂದಿಗೆ ಅಪ್ಪ ಹೇಗೆ ಮಾತಾಡುತ್ತಾರೆ, ಗಿರಣಿಯವನ ಜೊತೆ ಹೇಗೆ, ಪಕ್ಕದ ಹೊಲದವರು ಬದು ಒತ್ತಿದಾಗ ಹೇಗೆ, ಎಲ್ಲ ಗಮನಿಸಿದೆ. ಬದು ಒತ್ತಿದವರ ಮನೆಗೆ ಅಪ್ಪನೇ ಹೋಗಿ ಚಹಾ ಕುಡಿದು ಬಂದರು. ಅವ್ವನ ಮೇಲೆ ಅನುಮಾನ ಬಂದು ಒಂದು ವಾರ ಇಬ್ಬರ ನಡುವೆ ಮಲಗಿದೆ. ಅವರು ಎತ್ತಿನ ಗೊರಸಿನ ಬಗ್ಗೆ ಮಾತಾಡಿ ನಿದ್ದೆ ಹೋದರು. ಉಳುಕು ತೆಗೆಸಿಕೊಳ್ಳಲು ಸವಳಂಗದ ಕಡೆಯಿಂದೆಲ್ಲ ಜನ ಬರುತ್ತಿದ್ದರು, ಅವರಲ್ಲಿ ಬಾಯಿಬಡುಕರೂ ಇದ್ದರು, ಅಪ್ಪ ಒಬ್ಬರಿಗೂ ಗದರಿದ್ದಿಲ್ಲ. ಇಂಥ ಮನುಷ್ಯನಿಗೆ ಯಾರ ಮೇಲೆ ಸಿಟ್ಟು ಇರಲು ಸಾಧ್ಯ ಎಂದು ನನಗೇ ಸಿಟ್ಟು ಬಂತು.

ಆ ಹೊತ್ತಿಗೇ ನಮ್ಮೂರಿಗೆ ಕರಾಟೆ ಬಂತು. ಚನ್ನಗಿರಿಯಿಂದ ಒಬ್ಬ ಯುವಕ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಶಾಲೆಯ ಮೈದಾನದಲ್ಲಿ ಬಿಳಿ ಅಂಗಿ, ಬಣ್ಣದ ಪಟ್ಟಿ ಕಟ್ಟಿಕೊಂಡು, ಹೂಂಕರಿಸಿ, ಒದ್ದು, ಹೆಂಚು ಒಡೆದು ತೋರಿಸಿದ. ಓಣಿಯ ಹುಡುಗರಿಗೆ ಹುಚ್ಚು ಹಿಡಿಯಿತು. ನಮ್ಮ ದನದ ಕೊಟ್ಟಿಗೆಯ ಹೆಂಚುಗಳು ಒಂದೊಂದೇ ಮಾಯವಾದವು. ಅವ್ವ ಬೀದಿಯಲ್ಲಿ ನಿಂತು, ‘ನಿಮ್ಮ ಕೈ ಸೇದಿಹೋಗ, ಮಳೆಗಾಲಕ್ಕೆ ನನ್ನ ಎಮ್ಮೆ ತಲೆ ಮ್ಯಾಲೆ ನೀವು ಕುಂತ್ಕತೀರೇನೋ?’ ಎಂದು ಶಾಪ ಹಾಕಿದಳು. ಅಪ್ಪನಿಗೆ ಆ ಯುವಕನ ಮೇಲೂ ಸಿಟ್ಟು ಬರಲಿಲ್ಲ. ಒಂದು ದಿನ ಹೋಗಿ ನೋಡಿ ಬಂದು, ‘ಚೆನ್ನಾಗಿ ನಿಲ್ತಾನೆ. ಪಾದ ನೆಲಕ್ಕೆ ಗಟ್ಟಿ ಐತೆ,’ ಎಂದು ಮೆಚ್ಚಿಕೊಂಡರು. ಆದರೆ ಗರಡಿ ದಿನದಿಂದ ದಿನಕ್ಕೆ ಖಾಲಿಯಾಯಿತು. ಬಸಣ್ಣನ ತಮ್ಮ ಬಿಟ್ಟ, ಹೊಳೆಯಾಚೆಯ ಹುಡುಗರು ಬಿಟ್ಟರು. ಕೊನೆಗೆ ಹಾಲೇಶ ಒಂದು ಬೆಳಿಗ್ಗೆ ಕಟ್ಟೆಯ ಮುಂದೆ ಕೈಕಟ್ಟಿ ನಿಂತ.

‘ವಸ್ತಾದ್ರೆ, ತಪ್ಪು ತಿಳೀಬ್ಯಾಡ್ರಿ. ನೀವು ಬಾಯಾಗೆ ಹೇಳೋದು ನನಗೆ ಇನ್ನು ಮುಂದಕ್ಕೆ ಸಾಲ್ತಿಲ್ಲ. ನೀವು ಒಂದ್ಸಲ ಇಳಿದು ನನ್ನ ಹಿಡೀರಿ. ನಿಮ್ಮ ಕೈ ಹೆಂಗೈತೆ ಅಂತ ನಾನು ತಿಳೀಬೇಕು. ಇಲ್ಲಾಂದ್ರೆ ಪಂಚಮಿ ಕಳೆದ ಮ್ಯಾಲೆ ನಾನು ಬರಲ್ಲ.’

ಅಪ್ಪ ಮಡಚಿದ್ದ ಕಾಲನ್ನು ಇನ್ನಷ್ಟು ಒಳಗೆಳೆದುಕೊಂಡರು. ಆಮೇಲೆ, ‘ನೀನು ಕೇಳಿದ್ದು ಸರಿ ಐತೆ. ನಾನು ಇಳಿಯೋ ಹಂಗಿಲ್ಲ,’ ಅಂದರು. ಹಾಲೇಶ ಹೋದರೆ ಗರಡಿಗೆ ಬೀಗವೇ ಎಂದು ಎಲ್ಲರಿಗೂ ಗೊತ್ತಿತ್ತು. ಅವತ್ತು ಅಪ್ಪ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಎದ್ದರು. ನನ್ನ ಅಪ್ಪ ಹಾಗೆ ಅನ್ನದ ಮುಂದಿನಿಂದ ಎದ್ದದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಇಷ್ಟು ದಿನ ಆಟವಾಗಿದ್ದ ಪತ್ತೆ ಈಗ ಆಟವಾಗಿ ಉಳಿಯಲಿಲ್ಲ.

ಪಂಚಮಿಗೆ ಜಗಳೂರಿನಿಂದ ಗಂಗತ್ತೆ ಬಂದಳು. ಅಪ್ಪನ ಒಬ್ಬಳೇ ತಂಗಿ. ಪಂಚಮಿ ಎಂದರೆ ನಮ್ಮ ಕಡೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ, ಉಂಡೆ, ಹರಟೆ. ಅತ್ತೆ ಬಂದರೆ ಮನೆ ಒಂದು ಸುತ್ತು ದೊಡ್ಡದಾಗುತ್ತಿತ್ತು. ಅಪ್ಪನನ್ನು ‘ಅಣ್ಣಾ, ಹೊಟ್ಟೆ ಬಂದೈತಲ್ಲೋ’ ಎಂದು ಚೇಷ್ಟೆ ಮಾಡುತ್ತಿದ್ದಳು. ಅಪ್ಪ ಅವಳಿಗಾಗಿ ಸಂತೆಯಿಂದ ಗಟ್ಟಿ ಮೊಸರು, ಎಳೆ ಸೌತೆಕಾಯಿ ತರುತ್ತಿದ್ದರು. ಹಾಗಾಗಿ ನನ್ನ ಪತ್ತೆಯಲ್ಲಿ ಅತ್ತೆಯ ಹೆಸರು ಎಂದೂ ಬಂದಿರಲಿಲ್ಲ. ಆದರೆ ಈ ಸಲ ನನ್ನ ಕಣ್ಣು ಚುರುಕಾಗಿತ್ತು. ಅವಳು ಅಡುಗೆಮನೆಯಲ್ಲಿ ಕೂರುವಾಗ ಪ್ರತಿ ಸಲವೂ ಕಿಂಡಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಅವ್ವ ಮಜ್ಜಿಗೆಯ ಪಾತ್ರೆ ಆಚೆ ಕೊಡು ಎಂದರೆ, ನನ್ನ ಕಡೆ ತಿರುಗಿ, ‘ನೀನೇ ಕೊಡು ಚಂದ್ರಿ, ನನ್ನ ಕೈ ಬಿಡುವಿಲ್ಲ,’ ಎನ್ನುತ್ತಿದ್ದಳು. ಕೈ ಬಿಡುವಾಗಿಯೇ ಇರುತ್ತಿತ್ತು.

ಶೇಂಗಾ ಉಂಡೆ ಕಟ್ಟುವಾಗ ನಾವಿಬ್ಬರೇ ಇದ್ದೆವು. ಬೆಲ್ಲದ ಪಾಕ ಆರುವ ಮುಂಚೆ ಕಟ್ಟಬೇಕು, ಕೈ ನಿಲ್ಲಿಸುವ ಹಾಗಿಲ್ಲ. ಓಡಿಹೋಗಲು ಆಗದವರನ್ನು ಪ್ರಶ್ನೆ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

‘ಅತ್ತೆ, ನೀನು ಗರಡಿ ಕಡೆ ಯಾಕೆ ನೋಡಲ್ಲ?’

‘ಹೆಂಗಸ್ರು ನೋಡ್ತಾರೇನೇ?’

‘ನಾನು ದಿನಾ ನೋಡ್ತೀನಿ.’

ಅತ್ತೆ ನನ್ನ ಮುಖ ನೋಡಿದಳು. ಬಿಸಿ ಉಂಡೆಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾಕುತ್ತ, ಯಾರಿಗೂ ಹೇಳದ ಮಾತನ್ನು ಒಂದು ಹುಡುಗಿಗೆ ಹೇಳಿದಳು. ಅಜ್ಜ ಅಪ್ಪನಿಗೆ ದೊಣ್ಣೆ ವರಸೆ ಕಲಿಸುವಾಗ ಎದುರು ನಿಲ್ಲಲು ಒಬ್ಬರು ಬೇಕಾಗಿತ್ತಂತೆ. ವರಸೆ ಎಂದರೆ ಉದ್ದನೆಯ ಕೋಲು ಬೀಸುವ, ತಡೆಯುವ ಕ್ರಮ; ಒಬ್ಬರೇ ಕಲಿಯುವಂಥದ್ದಲ್ಲ. ಅಜ್ಜ ಹಿತ್ತಲಲ್ಲಿ ಮಗಳ ಕೈಗೆ ಕೋಲು ಕೊಟ್ಟರು. ಅಣ್ಣ ಬೀಸಿದರೆ ತಂಗಿ ತಡೆಯುವುದು, ತಂಗಿ ಬೀಸಿದರೆ ಅಣ್ಣ ತಡೆಯುವುದು. ಹೀಗೇ ಇಬ್ಬರೂ ಬೆಳೆದರು.

‘ನಿಮ್ಮಪ್ಪ ಕಲ್ತಿದ್ದು ನನ್ನ ಕೋಲಿನ ಎದುರಿಗೆ ಕಣೇ. ಕೊನೆಕೊನೆಗೆ ಅವನು ಏದುಸಿರು ಬಿಡೋನು, ನಾನು ಬಿಡ್ತಿರಲಿಲ್ಲ. ಆಮೇಲೆ ನನ್ನ ನೋಡಾಕೆ ಜಗಳೂರಿನೋರು ಬಂದ್ರು. ನಮ್ಮ ಮಾವ, ಅಂದ್ರೆ ಈಗ ತೀರ್ಕಂಡ್ರಲ್ಲ, ಅವ್ರು ಕೇಳಿದ್ರು, ಹುಡುಗಿ ಕೋಲು ಬೀಸ್ತಾಳಂತೆ ಹೌದೇನು ಅಂತ. ನಿಮ್ಮಜ್ಜ ಹೂಂ ಅನ್ನಾಕೆ ಬಾಯಿ ತೆಗೆದ. ಅಷ್ಟರಾಗೆ ನಿಮ್ಮಪ್ಪ ಎದ್ದು ಹೋಗಿ, ಮಟ್ಟಿಯಿಂದ ಒಂದು ಹಿಡಿ ಮಣ್ಣು ತಂದು, ಈ ಮಣ್ಣಾಣೆಗೂ ನನ್ನ ತಂಗಿ ಕೋಲು ಮುಟ್ಟಿದೋಳಲ್ಲ ಅಂದುಬಿಟ್ಟ. ಸಂಬಂಧ ತಪ್ಪಿಹೋಗ್ತೈತೆ ಅಂತ ಅವನಿಗೆ ದಿಗಿಲು. ನಾನು ಬಾಗಿಲ ಹಿಂದೆ ನಿಂತಿದ್ದೆ.’

ಅವಳು ಉಂಡೆ ಕಟ್ಟುತ್ತಲೇ ಇದ್ದಳು.

‘ಮದುವೆ ಆಗಿ ಹೋದ ವರ್ಷ ನಮ್ಮ ಕುರಿ ಹಟ್ಟಿಗೆ ತೋಳ ಬಂತು. ಕೋಲು ಗೋಡೆಗೇ ಒರಗಿತ್ತು. ಹಿಡಿದ್ರೆ ಅಣ್ಣನ ಆಣೆ ಸುಳ್ಳಾಗ್ತೈತೆ ಅಂತ ಬಾಯಿ ಬಡ್ಕಂಡು ನಿಂತೆ. ನನ್ನ ಕಣ್ಣ ಮುಂದೇನೇ ಹಾಲು ಕುಡಿಯೋ ಮರೀನ ಎಳಕಂಡು ಹೋತು. ಅವತ್ತಿಂದ ನನಗೆ ನಿಮ್ಮಪ್ಪನ ಮ್ಯಾಲೆ ಇರೋ ಸಿಟ್ಟು ಇಷ್ಟೂ ಕರಗಿಲ್ಲ. ನಗ್ತೀನಿ, ಉಣ್ತೀನಿ, ಅಣ್ಣ ಅಂತೀನಿ. ಒಳಗೆ ಹಂಗೇ ಐತೆ.’

ನನ್ನ ತಲೆಯೊಳಗೆ ಏನೋ ತಿರುಗಿ ನಿಂತಿತು. ನಾನು ಇಷ್ಟು ದಿನ ಪ್ರಶ್ನೆಯನ್ನೇ ತಲೆಕೆಳಗಾಗಿ ಹಿಡಿದಿದ್ದೆ. ಅಪ್ಪನಿಗೆ ಯಾರ ಮೇಲೆ ಸಿಟ್ಟು ಎಂದು ಊರೆಲ್ಲ ಹುಡುಕಿದೆ. ಅಪ್ಪನ ಮೇಲೆ ಯಾರಿಗೆ ಸಿಟ್ಟು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

‘ಅತ್ತೆ, ಅಪ್ಪ ಮಟ್ಟಿಗೆ ಇಳಿಯಲ್ಲ. ನನಗೆ ಗೊತ್ತಿರೋ ಹಾಗೆ ಯಾವತ್ತೂ ಇಳಿದಿಲ್ಲ. ಹಾಲೇಶಣ್ಣನೂ ಬಿಟ್ಟು ಹೋಗ್ತಾನಂತೆ.’

‘ಏನಂದೆ?’

ಅವಳಿಗೆ ಗೊತ್ತೇ ಇರಲಿಲ್ಲ. ಗರಡಿಯ ಕಡೆ ಮುಖ ಹಾಕದವಳಿಗೆ ಹೇಗೆ ಗೊತ್ತಾಗಬೇಕು? ಅತ್ತೆ ಬೆಲ್ಲದ ಕೈಯಲ್ಲೇ ಎದ್ದಳು. ಪಾಕ ಆರಿ ಕಲ್ಲಾಯಿತು. ಪಡಸಾಲೆಯಲ್ಲಿ ಅಪ್ಪ ಊಟಕ್ಕೆ ಕುಳಿತಿದ್ದರು, ಅವ್ವ ಬಡಿಸುತ್ತಿದ್ದಳು. ಅತ್ತೆ ಎದುರಿಗೆ ನಿಂತಳು.

‘ಯಾಕೆ ಇಳಿಯಲ್ಲ ನೀನು?’

ಅಪ್ಪ ನನ್ನ ಕಡೆ ನೋಡಿದರು, ನಾನು ಕಂಬದ ಹಿಂದೆ ಸರಿದೆ.

‘ಸೊಂಟ...’ ಅಂದಳು ಅವ್ವ.

‘ಸೊಂಟ ಅಲ್ಲ,’ ಅಂದರು ಅಪ್ಪ. ‘ಆ ಮಣ್ಣು ಹಿಡಿದು ಸುಳ್ಳು ಹೇಳೀನಿ. ನೀನು ಬಾಗಿಲ ಹಿಂದೆ ಇದ್ದಿದ್ದು ನನಗೆ ಗೊತ್ತಿತ್ತು. ನಿನ್ನ ಸಿಟ್ಟು ಇರೋವರೆಗೂ ನಾನು ಯಾವ ಮುಖ ಇಟ್ಕಂಡು ಇಳೀಲಿ? ಸರಿಮಾಡ್ಕಂಡು ಬಾ ಅಂತ ಹುಡುಗ್ರನ್ನ ಕಳಿಸೋನು ನಾನು. ಹುಡುಗ್ರಿಗೆ ಒಂದು ಕಟ್ಟಳೆ, ನನಗೊಂದು ಕಟ್ಟಳೇನಾ?’

‘ಓಹೋ! ನನ್ನ ಸಿಟ್ಟನ್ನ ನೀನು ಮೂಗುದಾರ ಮಾಡ್ಕಂಡು ಕುಂತೀಯ. ಒಂದು ಮಾತು ನನ್ನ ಹತ್ರ ಬಂದು ಕೇಳಾಕೆ ಏನಾಗಿತ್ತು ನಿನಗೆ?’

‘ಕೇಳಾಕೆ ಬಾಯಿ ಬರಲಿಲ್ಲ ಗಂಗಿ. ತಪ್ಪಾತು.’

ಅವ್ವ ಅಳತೊಡಗಿದಳು. ಇಷ್ಟಕ್ಕೆ ಮುಗಿಯಿತು, ಅಣ್ಣ ತಂಗಿ ಒಂದಾದರು ಎಂದು ನಾನೂ ಅಂದುಕೊಂಡೆ. ಅತ್ತೆ ಮಾತ್ರ ಅಳಲಿಲ್ಲ.

‘ಇಲ್ಲಿ ತಪ್ಪಾತು ಅಂದ್ರೆ ಯಾರು ಕೇಳ್ತಾರೆ? ನಿನ್ನ ಮನೆ, ನಿನ್ನ ಹೆಂಡ್ತಿ, ನಿನ್ನ ಮಗಳು. ನೀನು ಇಲ್ಲ ಅಂದಿದ್ದು ನಮ್ಮ ಮನೆಯೋರ ಮುಂದೆ. ಹೌದು ಅನ್ನೋದನ್ನೂ ಅವರ ಮುಂದೇನೇ ಅನ್ನು. ಜಗಳೂರಿಗೆ ಬಾ.’

ಆಮೇಲೆ ಆದದ್ದು ನಮ್ಮ ಓಣಿಗೆಲ್ಲ ಗೊತ್ತು. ಹಬ್ಬ ಕಳೆದ ಮೇಲೆ ಅಪ್ಪ ಮಟ್ಟಿಗೆ ಇಳಿದದ್ದು, ಹಾಲೇಶ ಅವರನ್ನು ಕಣ್ಣು ಮುಚ್ಚಿ ಬಿಡುವುದರೊಳಗೆ ಚಿತ್ ಮಾಡಿದ್ದು, ಅಪ್ಪ ಅಂಗಾತ ಬಿದ್ದಲ್ಲಿಂದಲೇ ‘ಇನ್ನೊಂದು ಸಲ ಹಿಡಿಯೋ’ ಎಂದು ನಕ್ಕದ್ದು, ಇವನ್ನೆಲ್ಲ ಬಸಣ್ಣ ಸಾಯುವವರೆಗೂ ಹೇಳುತ್ತಿದ್ದ. ಗರಡಿಗೆ ಬೀಗ ಬೀಳಲಿಲ್ಲ. ನಾನು ಮುಂದೆ ಪ್ರತಿ ಬೇಸಿಗೆ ರಜೆಗೂ ಜಗಳೂರಿಗೆ ಹೋಗಿ ಅತ್ತೆಯ ಎದುರು ಕೋಲು ಹಿಡಿದು ನಿಂತದ್ದು, ಅದಕ್ಕೆ ಓಣಿಯವರು ಆಡಿಕೊಂಡದ್ದೂ ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ನಡುವಿನ ಒಂದು ಮಧ್ಯಾಹ್ನ. ಅದನ್ನು ಕಂಡವರಲ್ಲಿ ಇವತ್ತಿಗೆ ಉಳಿದಿರುವವಳು ನಾನೊಬ್ಬಳೇ.

ಅತ್ತೆಯನ್ನು ಬಿಟ್ಟುಬರುವ ನೆಪದಲ್ಲಿ ಅಪ್ಪ ಹೊರಟರು. ನಾನು ಅತ್ತು ಕರೆದು ಜೊತೆಗೆ ಬಿದ್ದೆ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಜಗಳೂರಿನ ಕಡೆ ತಿರುಗಿದ ಮೇಲೆ ಹೊರಗೆ ಹಸಿರು ಕಡಿಮೆಯಾಗುತ್ತ ಬಂತು, ಶೇಂಗಾ ಹೊಲಗಳು, ಜಾಲಿ, ಕುರಿಮಂದೆ. ಅಣ್ಣ ತಂಗಿ ಒಂದೇ ಸೀಟಿನಲ್ಲಿ ಕುಳಿತು, ದಾರಿಯುದ್ದಕ್ಕೂ ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಿದ್ದರು. ಅತ್ತೆಯ ಮನೆ ಊರಾಚೆ, ಮುಂದೆ ದೊಡ್ಡ ಕಣ, ಪಕ್ಕಕ್ಕೆ ಕುರಿ ಹಟ್ಟಿ. ಅವಳ ಅತ್ತೆ ಕೊಟ್ರಮ್ಮ ಜಗಲಿಯಲ್ಲಿ ಸಜ್ಜೆ ಹಸನು ಮಾಡುತ್ತ ಕುಳಿತಿದ್ದರು. ಅತ್ತೆಯ ಗಂಡ, ನನ್ನ ಮಾವ, ಹಗ್ಗ ಹೊಸೆಯುತ್ತಿದ್ದವರು ಎದ್ದು ಬಂದು ಕಾಲಿಗೆ ನೀರು ಕೊಟ್ಟರು. ಅತ್ತೆ ಒಳಗೆ ಹೋಗಿ ಕುಡಿಯುವ ನೀರಿನ ಚೊಂಬು ತಂದಳು.

‘ನೀರು ಆಮೇಲೆ,’ ಅಂದರು ಅಪ್ಪ. ಜಗಲಿ ಹತ್ತಲಿಲ್ಲ, ಕಣದಲ್ಲೇ ನಿಂತರು.

‘ಅಮ್ಮಾ, ಹೆಣ್ಣು ನೋಡಾಕೆ ಬಂದಾಗ ನಿಮ್ಮ ಯಜಮಾನ್ರು ಒಂದು ಮಾತು ಕೇಳಿದ್ರು. ನಾನು ಮಟ್ಟಿ ಮಣ್ಣು ಹಿಡಿದು ಸುಳ್ಳಾಣೆ ಮಾಡಿದೆ. ಗಂಗಿಗೆ ವರಸೆ ಬರ್ತೈತ್ರಿ. ನಮ್ಮಪ್ಪನೇ ಕಲಿಸಿದ್ದು. ನಾನೂ ಆಕೇನೂ ಒಟ್ಟಿಗೆ ಕಲ್ತಿದ್ದು. ಆಕೆ ನನಗಿಂತ ಜೋರು.’

ಕೊಟ್ರಮ್ಮನ ಕೈ ಮೊರದಲ್ಲೇ ನಿಂತಿತು. ಬೈಯುತ್ತಾರೆ ಎಂದು ನಾನು ಅಪ್ಪನ ಅಂಗಿ ಹಿಡಿದುಕೊಂಡೆ.

‘ಅಯ್ಯೋ ತಮ್ಮಾ!’ ಅಂದರು ಆಕೆ. ‘ಅವ್ರು ಬ್ಯಾಡ ಅನ್ನಾಕೆ ಕೇಳಿದ್ರು ಅಂದ್ಕಂಡ್ಯಾ? ಆಸೆಯಿಂದ ಕೇಳಿದ್ರಲ್ಲೋ! ನಮ್ದು ಊರಾಚೆ ಮನೆ, ಕುರಿ ಬಾಳು, ಗಂಡಸ್ರು ಸಂತೆಗೆ ಹೋದ್ರೆ ಇಲ್ಲಿ ಯಾರೂ ಇಲ್ಲ. ಕೋಲು ಹಿಡಿಯೋ ಸೊಸೆ ಬರ್ತಾಳೆ ಅಂತ ಬರೋ ದಾರಿ ತುಂಬ ಹೇಳ್ಕಂಡು ಬಂದಿದ್ರು. ನೀನು ಇಲ್ಲ ಅಂದ ಮ್ಯಾಲೆ ಮುಖ ಸಣ್ಣ ಮಾಡ್ಕಂಡ್ರು. ಹುಡುಗಿ ಲಕ್ಷಣವಾಗವ್ಳೆ, ಹೋಗ್ಲಿ ಬಿಡ್ರಿ ಅಂತ ನಾನೇ ಒಪ್ಪಿಸಿದೆ.’

ಹಟ್ಟಿಯಲ್ಲಿ ಒಂದು ಕುರಿ ಕೆಮ್ಮಿತು. ಅತ್ತೆ ಚೊಂಬನ್ನು ಜಗಲಿಯ ಅಂಚಿಗಿಟ್ಟಳು, ನೀರು ತುಳುಕಿತು. ಬಚ್ಚಿಟ್ಟುಕೊಂಡ ಅಷ್ಟೂ ವರ್ಷ, ಗೋಡೆಗೆ ಒರಗಿದ್ದ ಆ ಕೋಲು, ಆ ಮರಿ, ಎಲ್ಲವೂ ಯಾರೂ ಕೇಳದ ಒಂದು ಸುಳ್ಳಿಗಾಗಿ ಹೋಗಿತ್ತು. ಅವಳು ಹಟ್ಟಿಯ ಮೂಲೆಯಿಂದ ಎರಡು ಕೋಲು ತಂದು ಒಂದನ್ನು ಅಪ್ಪನ ಕಡೆ ಎಸೆದಳು.

‘ಹಿಡಿ.’

‘ಏ ಗಂಗಾ, ಏನಿದು?’ ಎಂದು ಮಾವ ಮುಂದೆ ಬಂದರು.

‘ನೀನು ಸುಮ್ಕಿರೋ,’ ಎಂದು ಕೊಟ್ರಮ್ಮ ಮಗನನ್ನು ತಡೆದರು.

ಅತ್ತೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಬರಿಗಾಲನ್ನು ಕಣದ ನೆಲಕ್ಕೆ ಊರಿ, ಒಂದು ಸಲ ಉಸಿರು ಬಿಟ್ಟು ನಿಂತಳು. ಉಂಡೆ ಕಟ್ಟುವ, ಜೋಕಾಲಿ ಜೀಕುವ ನನ್ನ ಅತ್ತೆ ಅಲ್ಲಿರಲಿಲ್ಲ. ಮೊದಲ ಏಟಿಗೆ ಅಪ್ಪನ ಕೋಲು ಅಡ್ಡ ಬಂತು, ಎರಡನೆಯದಕ್ಕೂ ಬಂತು. ಕೋಲಿಗೆ ಕೋಲು ಬಡಿದ ಸದ್ದಿಗೆ ಕುರಿಗಳೆಲ್ಲ ಹಟ್ಟಿಯ ಒಂದು ಮೂಲೆಗೆ ಒತ್ತಿಕೊಂಡವು. ಅವಳು ಎಡಕ್ಕೆ ಸರಿಯುವ ಮುಂಚೆಯೇ ಅಪ್ಪ ಎಡಕ್ಕೆ ಸರಿಯುತ್ತಿದ್ದರು, ಅವರು ಬಗ್ಗುವ ಮುಂಚೆಯೇ ಅವಳ ಕೋಲು ಕೆಳಗೆ ಬಂದಿರುತ್ತಿತ್ತು. ಹಿತ್ತಲಲ್ಲಿ ಬೆಳೆದ ಎರಡು ಮಕ್ಕಳ ನೆನಪು ಆ ಕಾಲುಗಳಲ್ಲಿ ಹಾಗೇ ಉಳಿದಿತ್ತು. ಆದರೆ ಅತ್ತೆ ಆಡುತ್ತಿರಲಿಲ್ಲ. ಅವಳು ಹಲ್ಲು ಕಚ್ಚಿದ್ದಳು. ಒಂದೊಂದು ಏಟೂ ಹಿಂದಿನದಕ್ಕಿಂತ ಭಾರವಾಗಿ ಬೀಳುತ್ತಿತ್ತು, ಅಪ್ಪ ಹೆಜ್ಜೆ ಹೆಜ್ಜೆಗೂ ಹಿಂದೆ ಬರುತ್ತಿದ್ದರು.

ಅತ್ತೆ ಎರಡೂ ಕೈಯಲ್ಲಿ ಕೋಲನ್ನು ತಲೆಯ ಮೇಲಕ್ಕೆ ಎತ್ತಿದಳು. ಅದನ್ನು ತಡೆಯುವುದು ಅಪ್ಪನಿಗೆ ಕಷ್ಟವಾಗಿರಲಿಲ್ಲ. ಅವರು ತಮ್ಮ ಕೋಲನ್ನು ಕೆಳಗೆ ಇಳಿಸಿ, ತಂಗಿಯ ಮುಖ ನೋಡುತ್ತ ನಿಂತುಬಿಟ್ಟರು. ಕೋಲು ಗಾಳಿ ಸೀಳಿಕೊಂಡು ಬಂತು.

ಬಂದು, ಅಪ್ಪನ ಹಣೆಗೆ ಬೆರಳು ತೂರುವಷ್ಟು ದೂರದಲ್ಲಿ ನಿಂತಿತು.

ಕೋಲಿನ ತುದಿ ಅಲುಗುತ್ತಿರಲಿಲ್ಲ.

‘ಯಾಕೆ ತಡೀಲಿಲ್ಲ?’ ಅಂದಳು.

‘ನೀನು ನಿಲ್ಲಿಸ್ತೀಯ ಅಂತ ನನಗೆ ಗೊತ್ತಿತ್ತು.’

ಅತ್ತೆ ಕೋಲನ್ನು ನಿಧಾನವಾಗಿ ಕೆಳಗಿಟ್ಟು, ಕಣದ ಮಣ್ಣಿನಲ್ಲೇ ಕುಸಿದು ಕುಳಿತಳು. ಅಪ್ಪನೂ ಎದುರಿಗೆ ಕುಳಿತರು. ಅವಳು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

‘ನಿಲ್ಲಿಸ್ತೀನಿ ಅಂತ ನನಗೇ ಗೊತ್ತಿರಲಿಲ್ಲ ಕಣಣ್ಣಾ,’ ಅಂದಳು.